ರಷ್ಯಾದ ಕ್ರಾಂತಿಕಾಲದ ಚಿತ್ರಪುಸ್ತಕಗಳ ಸಂಗ್ರಹ: ಹೊಸಬರಿಗೊಂದು ಸಮಗ್ರ ಮಾರ್ಗದರ್ಶಿ

1905ರಿಂದ 1930ರ ದಶಕದ ಆರಂಭದವರೆಗೆ ರಷ್ಯಾದಲ್ಲಿ ಅಚ್ಚಾದ ವ್ಯಂಗ್ಯಪತ್ರಿಕೆಗಳು, ಕವಿಗಳೂ ಕಲಾವಿದರೂ ಕೂಡಿ ಮಾಡಿದ ಪುಸ್ತಕಗಳು ಮತ್ತು ಮಕ್ಕಳ ಚಿತ್ರಪುಸ್ತಕಗಳಲ್ಲಿ ಬಹುಪಾಲು ಅಗ್ಗದ ಕಾಗದದ ಮೇಲೆ, ಕೊರತೆಯ ದಿನಗಳಲ್ಲಿ, ಅಂದಂದಿನ ಓದಿಗೆಂದು ಹೊರಬಂದವು. ಕೆಲವನ್ನು ಪೊಲೀಸರು ಮುಟ್ಟುಗೋಲು ಹಾಕಿಕೊಂಡರು, ಹಲವು ಮಕ್ಕಳ ಕೈಯಲ್ಲಿ ಹರಿದುಹೋದವು, ಮತ್ತಷ್ಟನ್ನು ಮುಂದೆ ಬಂದ ಆಡಳಿತವೇ ಗ್ರಂಥಾಲಯಗಳಿಂದ ತೆಗೆಸಿತು. ಇಷ್ಟೆಲ್ಲ ದಾಟಿ ಉಳಿದ ಪ್ರತಿಯೊಂದನ್ನು ಕೊಳ್ಳಲು ಹೊರಟವರು ಚಿತ್ರದ ಸೊಗಸಿಗೆ ಮನಸೋಲುವ ಮೊದಲು ಆ ಪುಸ್ತಕದ ಮೈಯನ್ನು, ಅಂದರೆ ಕಾಗದ, ಶಾಯಿ, ಅಕ್ಷರರೂಪ, ಹೊಲಿಗೆ ಮತ್ತು ಮುದ್ರಣ ವಿವರದ ಪುಟವನ್ನು, ಓದಲು ಕಲಿಯಬೇಕು. ಈ ಕ್ಷೇತ್ರದಲ್ಲಿ ಹಣ ಕಳೆದುಕೊಳ್ಳುವವರು ಸಾಮಾನ್ಯವಾಗಿ ಚಿತ್ರವನ್ನು ಗುರುತಿಸಿ ಪುಸ್ತಕವನ್ನು ಗುರುತಿಸದೆ ಹೋದವರೇ ಆಗಿರುತ್ತಾರೆ.

ಮೊದಲ ಹೆಜ್ಜೆ: ಎಲ್ಲೆಯನ್ನು ಗೊತ್ತುಮಾಡಿಕೊಳ್ಳುವುದು

"ಕ್ರಾಂತಿಕಾಲ" ಎಂಬ ಒಂದೇ ಹೆಸರಿನಡಿ ಸ್ವಭಾವದಲ್ಲಿ ತೀರ ಭಿನ್ನವಾದ ನಾಲ್ಕೈದು ಧಾರೆಗಳಿವೆ. ಎಲ್ಲವನ್ನೂ ಒಟ್ಟಿಗೆ ಕೂಡಿಹಾಕಲು ಹೊರಟರೆ ಯಾವುದರಲ್ಲೂ ಕಣ್ಣು ಪಳಗುವುದಿಲ್ಲ.

ಮೊದಲನೆಯದು 1905ರ ಕ್ರಾಂತಿಯ ವ್ಯಂಗ್ಯಪತ್ರಿಕೆಗಳು. ನಾಗರಿಕ ಸ್ವಾತಂತ್ರ್ಯದ ಭರವಸೆ ಕೊಟ್ಟು ಚಕ್ರವರ್ತಿ ಹೊರಡಿಸಿದ ಆ ವರ್ಷದ ಅಕ್ಟೋಬರ್ ಪ್ರಣಾಳಿಕೆಯ ನಂತರ ಸೆನ್ಸಾರ್ ಸಡಿಲಗೊಂಡಾಗ ನೂರಾರು ಪತ್ರಿಕೆಗಳು ಹುಟ್ಟಿ, ಹಲವು ಎರಡು ಮೂರು ಸಂಚಿಕೆಗಳಲ್ಲೇ ಮುಚ್ಚಿಹೋದವು. ಬಿಲಿಬಿನ್, ಕುಸ್ತೋದಿಯೆವ್, ದೊಬುಝಿನ್‌ಸ್ಕಿಯಂಥವರು ಚಿತ್ರ ಬರೆದ 'ಝೂಪೆಲ್' ಪತ್ರಿಕೆ ಮೂರೇ ಸಂಚಿಕೆ ಕಂಡಿತು. ರಾಜಲಾಂಛನದ ಅಲಂಕಾರದ ನಡುವೆ ಕತ್ತೆಯನ್ನು ಕೂರಿಸಿದ ಬಿಲಿಬಿನ್‌ನ ಚಿತ್ರ 1906ರಲ್ಲಿ ಅವನ ಬಂಧನಕ್ಕೇ ಕಾರಣವಾಯಿತು. ಶೆಬೂಯೆವ್ ಸಂಪಾದಿಸಿದ 'ಪುಲೆಮ್ಯೋತ್' ಪತ್ರಿಕೆಯ ಮೊದಲ ಸಂಚಿಕೆಯಲ್ಲಿ ಚಕ್ರವರ್ತಿಯ ಪ್ರಣಾಳಿಕೆಯ ಪಠ್ಯದ ಮೇಲೆಯೇ ರಕ್ತವರ್ಣದ ಅಂಗೈ ಗುರುತನ್ನು ಒತ್ತಲಾಗಿದೆ. ಕಪ್ಪು ಅಕ್ಷರಗಳ ಮೇಲೆ ಆ ಕೆಂಪು ಹರಡಿಕೊಂಡಿರುವ ಬಗೆಯನ್ನು ಮೂಲಪ್ರತಿಯಲ್ಲಿ ನೋಡಿದವರಿಗೆ, ಎರಡು ಬಣ್ಣದ ಸರಳ ಮುದ್ರಣಕ್ಕೆ ಎಷ್ಟು ಶಕ್ತಿಯಿದೆಯೆಂಬುದು ಬೇರೆ ವಿವರಣೆಯಿಲ್ಲದೆ ತಿಳಿಯುತ್ತದೆ.

ಎರಡನೆಯದು 1912ರಿಂದ 1916ರ ಹೊತ್ತಿಗೆ ಬಂದ ಫ್ಯೂಚರಿಸ್ಟ್ ಪುಸ್ತಕಗಳು, ಅಂದರೆ ಹಳೆಯ ಸಾಹಿತ್ಯ-ಕಲೆಯನ್ನು ಧಿಕ್ಕರಿಸಿ ಹೊಸದನ್ನು ಸಾರಿದ ಕವಿ-ಕಲಾವಿದರವು. ಇವು ಕ್ರಾಂತಿಗೆ ಮುಂಚಿನವಾದರೂ ಕ್ರಾಂತಿಯ ಚಿತ್ರಭಾಷೆ ರೂಪುಗೊಂಡದ್ದು ಇಲ್ಲಿಯೇ. 1912ರ 'ಸಾರ್ವಜನಿಕ ಅಭಿರುಚಿಯ ಕೆನ್ನೆಗೊಂದು ಪೆಟ್ಟು' ಸಂಕಲನಕ್ಕೆ ಗೋಣಿಬಟ್ಟೆಯ ರಟ್ಟು. ಕಮೆನ್‌ಸ್ಕಿಯ 1914ರ 'ಹಸುಗಳೊಡನೆ ಟ್ಯಾಂಗೊ' ಅಚ್ಚಾದದ್ದು ಗೋಡೆಗೆ ಅಂಟಿಸುವ ಬಣ್ಣದ ಕಾಗದದ ಮೇಲೆ, ಅದೂ ಒಂದು ಮೂಲೆ ಕತ್ತರಿಸಿದ ಐದು ಬದಿಯ ಆಕಾರದಲ್ಲಿ. ಕ್ರುಚೋನಿಖ್ ಮತ್ತು ಖ್ಲೆಬ್ನಿಕೋವ್ ಅವರ 'ಮಿರ್‌ಸ್ಕೊಂತ್ಸಾ' ಪುಸ್ತಕಕ್ಕೆ ಗೊಂಚರೋವಾ ಬಣ್ಣದ ಕಾಗದ ಕತ್ತರಿಸಿ ಅಂಟಿಸಿ ಮುಖಪುಟ ಮಾಡಿದಳು, ಹೀಗಾಗಿ ಒಂದು ಪ್ರತಿಯ ಮುಖಪುಟ ಇನ್ನೊಂದರಂತಿಲ್ಲ. ಇವುಗಳ ಪ್ರತಿಗಳು ನೂರರ ಲೆಕ್ಕದಲ್ಲಿದ್ದವು. ಇಂದು ಬೆಲೆ ಸಾಮಾನ್ಯರ ಕೈಗೆಟುಕುವಂಥದ್ದಲ್ಲ.

ಮೂರನೆಯದು 1918ರಿಂದ 1922ರ ಅಂತರ್ಯುದ್ಧದ ವರ್ಷಗಳ ಪುಸ್ತಕಗಳು. ವೇರಾ ಎರ್ಮೊಲಾಯೆವಾ ಪೆತ್ರೋಗ್ರಾದ್‌ನಲ್ಲಿ ನಡೆಸಿದ 'ಸೆಗೋದ್‌ನ್ಯಾ' ಎಂಬ ಕಲಾವಿದರ ತಂಡ ಲಿನೋಲಿಯಂ ಕೆತ್ತಿ ಕೆಲವೇ ಹಾಳೆಗಳ ಪುಸ್ತಕಗಳನ್ನು ಅಚ್ಚು ಹಾಕಿ, ಅವುಗಳಲ್ಲಿ ಒಂದಷ್ಟಕ್ಕೆ ಕೈಯಿಂದಲೇ ಬಣ್ಣ ತುಂಬಿತು. ಬ್ಲೋಕ್‌ನ 'ಹನ್ನೆರಡು ಮಂದಿ' ಕಾವ್ಯಕ್ಕೆ ಯೂರಿ ಅನ್ನೆನ್ಕೋವ್ ಚಿತ್ರ ಬರೆದ ದೊಡ್ಡ ಗಾತ್ರದ ಆವೃತ್ತಿ 1918ರಲ್ಲಿ ಅಲ್ಕೊನೋಸ್ತ್ ಪ್ರಕಾಶನದಿಂದ ಸಂಖ್ಯೆ ಹಾಕಿದ 300 ಪ್ರತಿಗಳಲ್ಲಿ ಬಂತು. ನಾಲ್ಕನೆಯದು ಸರಳ ಜ್ಯಾಮಿತಿಯ ಆಕಾರ, ಅಕ್ಷರಗಳಿಂದಲೇ ಪುಟ ಕಟ್ಟಿದ 1922ರ ನಂತರದ ಕನ್‌ಸ್ಟ್ರಕ್ಟಿವಿಸ್ಟ್ ಪುಸ್ತಕಗಳು: ಬರ್ಲಿನ್‌ನಲ್ಲಿ ಅಚ್ಚಾದ ಲಿಸಿತ್ಸ್ಕಿಯ 'ಎರಡು ಚೌಕಗಳ ಕತೆ' (1922), ಅವನೇ ವಿನ್ಯಾಸ ಮಾಡಿದ ಮಯಕೋವ್‌ಸ್ಕಿಯ 'ದನಿಗಾಗಿ' (1923), ರೊಡ್ಚೆಂಕೊನ ಫೋಟೊಮೊಂಟಾಜ್ (ಛಾಯಾಚಿತ್ರಗಳ ತುಣುಕು ಜೋಡಿಸಿದ ಚಿತ್ರ) ಇರುವ 'ಇದರ ಕುರಿತು' (1923), ಹಾಗೂ 'ಲೆಫ್' ಪತ್ರಿಕೆಯ ಸಂಚಿಕೆಗಳು.

ಐದನೆಯದಾದ ಮಕ್ಕಳ ಪುಸ್ತಕಗಳಿಂದಲೇ ಹೊಸಬರು ಆರಂಭಿಸುವುದು ಒಳ್ಳೆಯದೆಂದು ನಾನು ಬಲವಾಗಿ ನಂಬುತ್ತೇನೆ. ಲೆನಿನ್‌ಗ್ರಾದ್‌ನ ರಾದುಗಾ ಪ್ರಕಾಶನ 1922ರಿಂದ 1930ರವರೆಗೆ ಹೊರತಂದ, ಮರ್ಶಾಕ್ ಬರೆದು ವ್ಲಾದಿಮಿರ್ ಲೆಬೆದೆವ್ ಚಿತ್ರಿಸಿದ 'ಸರ್ಕಸ್', 'ಐಸ್‌ಕ್ರೀಂ', 'ಸಾಮಾನು-ಸರಂಜಾಮು' ಮುಂತಾದವುಗಳಲ್ಲಿ ಕ್ರಾಂತಿಕಾಲದ ಪೋಸ್ಟರ್ ಕಲೆಯ ಸಾರವೇ ಇದೆ. ರೋಸ್ತಾ ಸುದ್ದಿಸಂಸ್ಥೆಗಾಗಿ ಪೆತ್ರೋಗ್ರಾದ್‌ನ ಅಂಗಡಿ ಕಿಟಕಿಗಳಿಗೆ ಪೋಸ್ಟರ್ ಬರೆದ ಲೆಬೆದೆವ್ ಅದೇ ಚಪ್ಪಟೆ ಬಣ್ಣ, ಅದೇ ಖಾಲಿ ಬಿಳಿಯ ಹಿನ್ನೆಲೆಯನ್ನು ಮಕ್ಕಳ ಪುಟಕ್ಕೆ ತಂದನು. ಪ್ರತಿಗಳ ಸಂಖ್ಯೆ ಸಾವಿರಗಳಲ್ಲಿದ್ದುದರಿಂದ, ಎರಡನೆಯ ಮೂರನೆಯ ಮುದ್ರಣಗಳೂ ಆದದ್ದರಿಂದ, ಹುಡುಕಿದರೆ ಇಂದಿಗೂ ಸಿಗುತ್ತವೆ.

ಇಲ್ಲಿ ನಮ್ಮ ಓದುಗರಿಗೆ ಒಂದು ಎಚ್ಚರಿಕೆ ಅಗತ್ಯ. ಕರ್ನಾಟಕದ ಎಷ್ಟೋ ಮನೆಗಳಲ್ಲಿ ಮಾಸ್ಕೋದ ಪ್ರಗತಿ ಪ್ರಕಾಶನ ಮತ್ತು ರಾದುಗ ಪ್ರಕಾಶನದ ಮಕ್ಕಳ ಪುಸ್ತಕಗಳಿವೆ. ನವಕರ್ನಾಟಕದ ಮಳಿಗೆಗಳಲ್ಲಿ ಕೆಲವೇ ರೂಪಾಯಿಗೆ ಕೊಂಡವು ಅವು. ಆ ರಾದುಗ 1982ರಲ್ಲಿ ಆರಂಭವಾದ ಸರ್ಕಾರಿ ಪ್ರಕಾಶನ. ಮೇಲೆ ಹೇಳಿದ 1920ರ ದಶಕದ ಖಾಸಗಿ ರಾದುಗಾಕ್ಕೂ ಅದಕ್ಕೂ ಹೆಸರಿನ ಹೊರತು ಸಂಬಂಧವಿಲ್ಲ. ಅಂತರ್ಜಾಲದಲ್ಲಿ ಹುಡುಕುವಾಗ ಎರಡೂ ಒಟ್ಟೊಟ್ಟಿಗೆ ಬರುತ್ತವೆ, ಮಾರುವವರಲ್ಲಿಯೂ ಕೆಲವರಿಗೆ ಈ ವ್ಯತ್ಯಾಸ ತಿಳಿದಿರುವುದಿಲ್ಲ.

ಎರಡನೆಯ ಹೆಜ್ಜೆ: ಲಿಪಿ ಕಲಿತು ಮುದ್ರಣ ವಿವರವನ್ನು ಓದುವುದು

ರಷ್ಯನ್ ಭಾಷೆ ಬಾರದಿದ್ದರೂ ನಡೆಯುತ್ತದೆ. ಸಿರಿಲಿಕ್ ಲಿಪಿ ಬಾರದಿದ್ದರೆ ನಡೆಯದು. ಮೂವತ್ತಮೂರು ಅಕ್ಷರಗಳನ್ನು ಗುರುತಿಸುವಷ್ಟು ಕಲಿತು, ಜೊತೆಗೆ ಮುದ್ರಣ ವಿವರದಲ್ಲಿ ಪದೇಪದೇ ಬರುವ ಹತ್ತಿಪ್ಪತ್ತು ಪದಗಳನ್ನು ಮನನ ಮಾಡಿಕೊಂಡರೆ ಸಾಕು. 'ತಿರಾಝ್' ಎಂದರೆ ಅಚ್ಚಾದ ಪ್ರತಿಗಳ ಸಂಖ್ಯೆ, 'ಇಝ್ದಾನಿಯೆ' ಎಂದರೆ ಆವೃತ್ತಿ, 'ತಿಪೊಗ್ರಾಫಿಯಾ' ಮುದ್ರಣಾಲಯ, 'ಲಿತೊಗ್ರಾಫಿಯಾ' ಕಲ್ಲಚ್ಚಿನ ಮುದ್ರಣಾಲಯ, 'ಒಬ್ಲೋಷ್ಕಾ' ಮುಖಪುಟ, 'ರಿಸೂನ್ಕಿ' ಚಿತ್ರಗಳು. ಇವು ಮುಖಪುಟದ ಹಿಂದೆ, ಶೀರ್ಷಿಕೆ ಪುಟದ ಬೆನ್ನಿಗೆ ಅಥವಾ ಪುಸ್ತಕದ ಕಟ್ಟಕಡೆಯ ಪುಟದಲ್ಲಿ ಸಣ್ಣಕ್ಷರದಲ್ಲಿರುತ್ತವೆ.

ಆಮೇಲೆ ಕಾಲ ನಿರ್ಣಯಕ್ಕೆ ನೆರವಾಗುವ ಸಂಗತಿಗಳು. ಒಂದೇ ಊರಿನ ಮೂರು ಹೆಸರುಗಳಲ್ಲಿ ಸಾಂಕ್ತ್ ಪೀಟರ್ಸ್‌ಬರ್ಗ್ ಎಂದಿದ್ದರೆ ಸಾಮಾನ್ಯವಾಗಿ 1914ಕ್ಕೆ ಮುಂಚಿನದು, ಪೆತ್ರೋಗ್ರಾದ್ ಎಂದಿದ್ದರೆ 1914ರಿಂದ 1924ರ ಜನವರಿಯವರೆಗಿನದು, ಅನಂತರದ್ದು ಲೆನಿನ್‌ಗ್ರಾದ್. ಕೆಲವು ಪ್ರಕಾಶಕರು 1920ರ ಸುಮಾರಿಗೂ ಪೀಟರ್ಸ್‌ಬರ್ಗ್ ಎಂದೇ ಹಾಕಿಕೊಳ್ಳುತ್ತಿದ್ದುದರಿಂದ ಇದೊಂದನ್ನೇ ನಂಬುವಂತಿಲ್ಲ. ಸರ್ಕಾರಿ ಪ್ರಕಾಶನವಾದ ಗೊಸಿಝ್ದಾತ್ ಹುಟ್ಟಿದ್ದು 1919ರ ಮೇ ತಿಂಗಳಲ್ಲಿ. ಸೋವಿಯತ್ ಸೆನ್ಸಾರ್ ಇಲಾಖೆ ಗ್ಲಾವ್‌ಲಿತ್ ಸ್ಥಾಪನೆಯಾದದ್ದು 1922ರ ಜೂನ್‌ನಲ್ಲಿ. ಆಮೇಲಿನ ಪುಸ್ತಕಗಳಲ್ಲಿ ಗ್ಲಾವ್‌ಲಿತ್ ಅಥವಾ ಅದರ ಪ್ರಾಂತೀಯ ಶಾಖೆಯಾದ ಗೂಬ್‌ಲಿತ್ ಎಂಬ ಹೆಸರಿನ ಮುಂದೆ ಅನುಮತಿ ಸಂಖ್ಯೆ ಇರುತ್ತದೆ. 1920 ಎಂದು ಹೇಳಿ ಮಾರುತ್ತಿರುವ ಪುಸ್ತಕದಲ್ಲಿ ಗ್ಲಾವ್‌ಲಿತ್ ಸಂಖ್ಯೆ ಕಂಡರೆ ಮಾತು ಅಲ್ಲಿಗೇ ಮುಗಿಯಿತು.

ಎಲ್ಲಕ್ಕಿಂತ ಸ್ವಾರಸ್ಯದ ಸುಳಿವು ಕಾಗುಣಿತದ್ದು. 1917ರ ಕೊನೆಯಲ್ಲಿ ಮತ್ತು 1918ರ ಅಕ್ಟೋಬರ್‌ನಲ್ಲಿ ಹೊರಟ ಆದೇಶಗಳು ರಷ್ಯನ್ ಬರವಣಿಗೆಯಿಂದ ಕೆಲವು ಅಕ್ಷರಗಳನ್ನು ತೆಗೆದುಹಾಕಿದವು. ಹಳೆಯ ಪದ್ಧತಿಯ ಪುಟದಲ್ಲಿ ವ್ಯಂಜನಾಂತ್ಯದ ಪ್ರತಿ ಪದದ ತುದಿಗೂ ಉಚ್ಚಾರಣೆಯಿಲ್ಲದ ಕಠಿಣ ಚಿಹ್ನೆಯೊಂದು ನಿಂತಿರುತ್ತದೆ. ರೋಮನ್ ಸಣ್ಣಕ್ಷರದ 'ಬಿ'ಯ ಕಂಬಕ್ಕೆ ಅಡ್ಡಗೆರೆ ಎಳೆದಂತೆ ಕಾಣುವ 'ಯಾತ್' ಅಕ್ಷರವೂ, ಮೇಲೆ ಚುಕ್ಕೆಯಿರುವ 'ಇ'ಕಾರವೂ ಕಣ್ಣಿಗೆ ಬೀಳುತ್ತವೆ. ಹೊಸ ಪದ್ಧತಿಯ ಪುಟದಲ್ಲಿ ಇವು ಮಾಯ. ಆದೇಶವನ್ನು ಜಾರಿಗೆ ತರುವಾಗ ಮುದ್ರಣಾಲಯಗಳ ಪೆಟ್ಟಿಗೆಯಿಂದ ಕಠಿಣ ಚಿಹ್ನೆಯ ಅಚ್ಚುಮೊಳೆಗಳನ್ನೇ ಎತ್ತಿಕೊಂಡು ಹೋದದ್ದರಿಂದ, ಪದದ ನಡುವೆ ಆ ಚಿಹ್ನೆ ನ್ಯಾಯವಾಗಿ ಬೇಕಾದಲ್ಲಿಯೂ ಮೊಳೆ ಜೋಡಿಸುವವರು ಒಂದು ಉದ್ಧರಣ ಚಿಹ್ನೆಯನ್ನು ಇಟ್ಟು ಸುಧಾರಿಸಿಕೊಂಡರು. 1920ರ ದಶಕದ ಪುಸ್ತಕಗಳಲ್ಲಿ ಪದದ ಮಧ್ಯೆ ತೂಗುವ ಆ ಚಿಕ್ಕ ಚಿಹ್ನೆ ಕಾಲದ ಮುದ್ರೆಯೇ ಸರಿ. ಆದರೆ ಬರ್ಲಿನ್, ಪ್ಯಾರಿಸ್‌ಗಳಲ್ಲಿ ನೆಲೆಸಿದ ವಲಸಿಗ ಪ್ರಕಾಶಕರಲ್ಲಿ ಅನೇಕರು ಹೊಸ ಕಾಗುಣಿತವನ್ನು ಒಪ್ಪದೆ ದಶಕಗಳ ಕಾಲ ಹಳೆಯದರಲ್ಲೇ ಅಚ್ಚು ಹಾಕಿದರು. ಆದ್ದರಿಂದ ಹಳೆಯ ಕಾಗುಣಿತ ಕಂಡೊಡನೆ 1918ಕ್ಕೆ ಹಿಂದಿನದೆಂದು ತೀರ್ಮಾನಿಸದೆ, ಪ್ರಕಟವಾದ ಊರನ್ನೂ ನೋಡಬೇಕು.

ಮೂರನೆಯ ಹೆಜ್ಜೆ: ಕೊಳ್ಳುವ ಮುನ್ನ ನೋಡುವುದು

ಮೊದಲ ಕೆಲವು ತಿಂಗಳು ಏನನ್ನೂ ಕೊಳ್ಳದಿರುವುದೇ ಲೇಸು. ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ಗೆ 2001ರಲ್ಲಿ ಜೂಡಿತ್ ರಾತ್ಸ್‌ಚೈಲ್ಡ್ ಪ್ರತಿಷ್ಠಾನ ಸಾವಿರಕ್ಕೂ ಹೆಚ್ಚು ರಷ್ಯನ್ ಪುಸ್ತಕಗಳನ್ನು ಕೊಟ್ಟಿದ್ದು, ಮರುವರ್ಷ ಅವುಗಳ ದೊಡ್ಡ ಪ್ರದರ್ಶನ ನಡೆಯಿತು. ಆ ಪ್ರದರ್ಶನದ ಸಂಪುಟವನ್ನು ಹತ್ತಿರ ಇಟ್ಟುಕೊಂಡಷ್ಟೂ ಲಾಭ. ಲಾಸ್ ಏಂಜಲೀಸ್‌ನ ಗೆಟ್ಟಿ ಸಂಶೋಧನಾ ಸಂಸ್ಥೆ ಫ್ಯೂಚರಿಸ್ಟ್ ಪುಸ್ತಕಗಳನ್ನೂ, ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಕಾಟ್ಸನ್ ಸಂಗ್ರಹ ಸೋವಿಯತ್ ಮಕ್ಕಳ ಪುಸ್ತಕಗಳನ್ನೂ ಪುಟಪುಟವಾಗಿ ಚಿತ್ರೀಕರಿಸಿ ಅಂತರ್ಜಾಲದಲ್ಲಿ ಇಟ್ಟಿವೆ. ನೀವು ಕೊಳ್ಳಬೇಕೆಂದಿರುವ ಪುಸ್ತಕದ ಅಳತೆ, ಪುಟಸಂಖ್ಯೆ, ಹಿಂಬದಿಯ ರಕ್ಷಾಪುಟ ಎಲ್ಲವನ್ನೂ ಅಲ್ಲಿಂದ ಟಿಪ್ಪಣಿ ಮಾಡಿಕೊಳ್ಳಬೇಕು. ಹರಾಜು ಸಂಸ್ಥೆಗಳ ಹಳೆಯ ಪಟ್ಟಿಗಳಲ್ಲಿ ಬೆಲೆಯ ಅಂದಾಜು ಸಿಗುತ್ತದೆ. ಅಂದಾಜು ಬೆಲೆಗಿಂತ ನಿಜವಾಗಿ ಮಾರಾಟವಾದ ಬೆಲೆಯನ್ನು ಗಮನಿಸುವುದು ಮುಖ್ಯ.

ನಾಲ್ಕನೆಯ ಹೆಜ್ಜೆ: ಅಸಲನ್ನು ಮರುಮುದ್ರಣದಿಂದ ಬೇರ್ಪಡಿಸುವುದು

ಪ್ರಸಿದ್ಧ ಪುಸ್ತಕಗಳಿಗೆ ಯಥಾಪ್ರತಿ ಮುದ್ರಣಗಳು ಬಂದಿವೆ. ಅವು ಪ್ರಾಮಾಣಿಕವಾಗಿ ಹೊರಬಂದ ಒಳ್ಳೆಯ ಪುಸ್ತಕಗಳೇ. ಹೊಸ ಪ್ರಕಾಶಕರ ವಿವರವಿರುವ ಹಾಳೆಯನ್ನು ಯಾರೋ ತೆಗೆದು, ಉಳಿದದ್ದಕ್ಕೆ ಹಳಸಿದ ಬಣ್ಣ ಬರಿಸಿ ಅಸಲೆಂದು ಮಾರುವಾಗ ತೊಂದರೆ ಹುಟ್ಟುತ್ತದೆ. ಇದನ್ನು ಪತ್ತೆಹಚ್ಚಲು ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿ, ಒಂದು ಅತಿನೇರಳೆ ಟಾರ್ಚು, ಮಿಲಿಮೀಟರ್ ಅಳತೆಪಟ್ಟಿ, ಇಷ್ಟು ಸಾಕು.

ಮೊದಲು ಅಕ್ಷರವನ್ನು ನೋಡಿ. ಮೊಳೆ ಜೋಡಿಸಿ ಅಚ್ಚು ಹಾಕಿದ ಅಕ್ಷರದ ಅಂಚಿಗೆ ಶಾಯಿ ಒತ್ತಿ ಸರಿದು ನಿಂತ ತೆಳುವಾದ ಗಾಢ ಗೆರೆ ಕಾಣುತ್ತದೆ. ಹಾಳೆಯನ್ನು ಓರೆ ಬೆಳಕಿಗೆ ಹಿಡಿದರೆ ಹಿಂಬದಿಯಲ್ಲಿ ಮೊಳೆ ಒತ್ತಿದ ಉಬ್ಬು ಬೆರಳಿಗೂ ತಾಗುತ್ತದೆ. ಆಫ್‌ಸೆಟ್‌ನಲ್ಲಿ ತೆಗೆದ ಪ್ರತಿಯಲ್ಲಿ ಈ ಎರಡೂ ಇರುವುದಿಲ್ಲ, ಅಕ್ಷರ ಕಾಗದದ ಮೇಲೆ ಸಮತಟ್ಟಾಗಿ ಕೂತಿರುತ್ತದೆ. 'ದನಿಗಾಗಿ' ಪುಸ್ತಕದಲ್ಲಿ ಲಿಸಿತ್ಸ್ಕಿ ಚಿತ್ರಗಳನ್ನೂ ಮುದ್ರಣಾಲಯದ ಪೆಟ್ಟಿಗೆಯ ಮೊಳೆ, ಗೆರೆ, ಪಟ್ಟಿಗಳಿಂದಲೇ ಕಟ್ಟಿದ್ದರಿಂದ ಈ ಪರೀಕ್ಷೆ ಅಲ್ಲಿ ಚಿತ್ರಕ್ಕೂ ಅನ್ವಯಿಸುತ್ತದೆ. ಪುಟಗಳ ಅಂಚಿನಲ್ಲಿ ಮೆಟ್ಟಿಲಾಗಿ ಕತ್ತರಿಸಿರುವ ಕವಿತೆಗಳ ಸೂಚಿಯೂ ಆ ಪುಸ್ತಕದ ಗುರುತು. ಅದು ಹೆಚ್ಚಾಗಿ ಹರಿದಿರುವ ಇಲ್ಲವೇ ದುರಸ್ತಿಯಾಗಿರುವ ಭಾಗವೂ ಹೌದು.

ಬಣ್ಣದ ಚಿತ್ರಕ್ಕೆ ಬಂದರೆ, ಕಲ್ಲಚ್ಚಿನಲ್ಲಿ ಪ್ರತಿ ಬಣ್ಣಕ್ಕೂ ಬೇರೆಯೇ ಕಲ್ಲು ಇರುತ್ತಿತ್ತು. ಲೆಬೆದೆವ್ ಚಿತ್ರದ ಒಂದು ಕೆಂಪು ಚೆಂಡನ್ನು ಭೂತಗನ್ನಡಿಯಲ್ಲಿ ನೋಡಿದರೆ ಕಾಣಬೇಕಾದದ್ದು ಒಂದೇ ಕೆಂಪು: ಕೆಲವೆಡೆ ತುಂಬು, ಕೆಲವೆಡೆ ಸೀಮೆಸುಣ್ಣದ ಗೆರೆಯಂತೆ ಉದುರುದುರಾದ ಅನಿಯಮಿತ ಕಣಗಳು, ಎರಡು ಬಣ್ಣ ಕೂಡುವ ಅಂಚಿನಲ್ಲಿ ಕೂದಲೆಳೆಯಷ್ಟು ಹೊಂದಿಕೆ ತಪ್ಪಿದ ಜಾಗ. ಅದರ ಬದಲು ಕೆನ್ನೀಲಿ, ಹಳದಿ, ಕಪ್ಪು ಚುಕ್ಕೆಗಳು ಸಾಲಾಗಿ ಹೂವಿನಂತೆ ಗುಂಪುಗೂಡಿದ್ದರೆ ಅದು ಇತ್ತೀಚಿನ ಆಫ್‌ಸೆಟ್. ಆದರೆ ಚುಕ್ಕೆ ಕಂಡ ಮಾತ್ರಕ್ಕೆ ನಕಲಿ ಎನ್ನುವಂತಿಲ್ಲ. 'ಇದರ ಕುರಿತು' ಪುಸ್ತಕದ ಫೋಟೊಮೊಂಟಾಜ್‌ಗಳು 1923ರಲ್ಲಿಯೇ ಚುಕ್ಕೆಗಳ ಪಡಿಯಚ್ಚಿನಿಂದ ಮುದ್ರಿತವಾದವು. ಅಲ್ಲಿ ನೋಡಬೇಕಾದದ್ದು ಆ ಚುಕ್ಕೆಗಳು ಚೊಕ್ಕವಾಗಿ ಒಂದೇ ಜಾಲವಾಗಿವೆಯೇ, ಅಥವಾ ಹಳೆಯ ಜಾಲದ ಮೇಲೆ ಹೊಸ ಜಾಲ ಕೂತು ಅಲೆಅಲೆಯಾದ ಕಲೆ ಎದ್ದಿದೆಯೇ ಎಂಬುದನ್ನು.

ಕೊನೆಯದು ಕಾಗದ. ಅತಿನೇರಳೆ ಬೆಳಕಿನಲ್ಲಿ ಕಾಗದ ನೀಲಿಬಿಳಿಯಾಗಿ ಹೊಳೆದರೆ ಅದರಲ್ಲಿ ಬಿಳುಪುಕಾರಕ ರಾಸಾಯನಿಕವಿದೆ ಎಂದರ್ಥ. ಅದು ಕಾಗದದಲ್ಲಿ ಬಳಕೆಗೆ ಬಂದದ್ದು ಸುಮಾರು 1950ರ ನಂತರ. ಹೊಳೆಯದಿದ್ದರೆ ಅಸಲೆಂದು ಸಾಬೀತಾಗುವುದಿಲ್ಲ, ಹೊಳೆದರೆ ಮಾತ್ರ 1920ರ ದಶಕದ್ದಲ್ಲವೆಂದು ಖಚಿತ. ಪುಸ್ತಕ ದೂರದ ಊರಿನಲ್ಲಿದ್ದರೆ ಈ ಪರೀಕ್ಷೆಗಳ ಹತ್ತಿರದ ಚಿತ್ರಗಳನ್ನು ಮಾರುವವರಿಂದಲೇ ಕೇಳಿ ಪಡೆಯಬೇಕು. ಬಲ್ಲ ವ್ಯಾಪಾರಿ ಇಂಥ ಕೋರಿಕೆಗೆ ಬೇಸರಿಸುವುದಿಲ್ಲ.

ಐದನೆಯ ಹೆಜ್ಜೆ: ಪೂರ್ಣತೆ, ದುರಸ್ತಿ, ಗಾಯದ ಗುರುತುಗಳು

ಈ ಪುಸ್ತಕಗಳಲ್ಲಿ ಮುಖಪುಟವೇ ಅರ್ಧ ಪುಸ್ತಕ. ಹಳೆಯ ಮಾಲೀಕರು ಗಟ್ಟಿ ರಟ್ಟು ಕಟ್ಟಿಸುವಾಗ ಮೂಲ ಕಾಗದದ ಮುಖಪುಟವನ್ನು, ಅದರಲ್ಲೂ ಹಿಂಬದಿಯದನ್ನು, ಎಸೆದಿರುವುದುಂಟು. ರಟ್ಟು ಕಟ್ಟುವವರು ಅಂಚು ಸಮಮಾಡಲು ಕತ್ತರಿಸಿ ಚಿತ್ರದ ಬದಿಯನ್ನೇ ನುಂಗಿರುವುದೂ ಉಂಟು. ಅಳತೆಪಟ್ಟಿ ಬೇಕಾಗುವುದು ಇದಕ್ಕಾಗಿ. ಪಿನ್ನು ಹೊಡೆದ ತೆಳು ಪುಸ್ತಕಗಳಲ್ಲಿ ನಡುವಿನ ಜೋಡಿಹಾಳೆ ಕಳಚಿ ಹೋದರೆ ಓದಿನಲ್ಲಿ ಸುಲಭವಾಗಿ ಗೊತ್ತಾಗುವುದಿಲ್ಲವಾದ್ದರಿಂದ ಗ್ರಂಥಾಲಯದ ಪ್ರತಿಯೊಡನೆ ಪುಟಪುಟ ತಾಳೆ ನೋಡಬೇಕು. ತುಕ್ಕು ಹಿಡಿದ ಮೂಲ ಪಿನ್ನು, ಮಗುವಿನ ಪೆನ್ಸಿಲ್ ಗೀಟು, ಮಡಿಸಿದ ಮೂಲೆ ಇವೆಲ್ಲ ಕ್ಷಮ್ಯ. ಬಣ್ಣ ಹೋದಲ್ಲಿ ಹೊಸ ಬಣ್ಣ ತುಂಬಿದ್ದರೆ, ಮುಖಪುಟ ಬೇರೆ ಪ್ರತಿಯದಾಗಿದ್ದರೆ ಬೆಲೆ ಬಹಳವೇ ಇಳಿಯಬೇಕು.

ಕೆಲವು ಗಾಯಗಳು ಪುಸ್ತಕದ ಚರಿತ್ರೆಯೇ ಆಗಿರುತ್ತವೆ. 1930ರ ದಶಕದ ದಮನದಲ್ಲಿ ಬಂಧನಕ್ಕೊಳಗಾದವರ ಹೆಸರು, ಭಾವಚಿತ್ರಗಳನ್ನು ಓದುಗರೂ ಗ್ರಂಥಪಾಲಕರೂ ಮಸಿ ಬಳಿದು ಅಥವಾ ಕತ್ತರಿಸಿ ತೆಗೆದರು. ರೊಡ್ಚೆಂಕೊ 1934ರಲ್ಲಿ ತಾನೇ ವಿನ್ಯಾಸ ಮಾಡಿದ 'ಉಜ್ಬೇಕಿಸ್ತಾನದ ಹತ್ತು ವರ್ಷಗಳು' ಪುಸ್ತಕದ ತನ್ನ ಪ್ರತಿಯಲ್ಲಿ ನಾಯಕರ ಮುಖಗಳಿಗೆ ಕಪ್ಪು ಶಾಯಿ ಬಳಿದಿದ್ದನು. ಇಂಥ ಪ್ರತಿ ಸಿಕ್ಕರೆ ಆ ಮಸಿಯನ್ನು ಅಳಿಸಲು ಯಾರೂ ಕೈಹಾಕಬಾರದು.

ಗ್ರಂಥಾಲಯದ ಮೊಹರಿನ ವಿಷಯ ಬೇರೆ. ಅಧಿಕೃತವಾಗಿ ತೆಗೆದುಹಾಕಿದ ಪ್ರತಿಯಲ್ಲಿ ಸಾಮಾನ್ಯವಾಗಿ ಮೂಲ ಮೊಹರಿನೊಂದಿಗೆ 'ಪೊಗಶೆನೊ' ಎಂಬ ರದ್ದತಿಯ ಮೊಹರೂ ಇರುತ್ತದೆ. ಅದಿಲ್ಲದ ಪ್ರತಿಯ ಹಿನ್ನೆಲೆಯನ್ನು ಲಿಖಿತವಾಗಿ ಕೇಳಬೇಕು. ಯುರೋಪಿನ ಗ್ರಂಥಾಲಯಗಳಿಂದ ಪುಷ್ಕಿನ್‌ನಂಥ ರಷ್ಯನ್ ಲೇಖಕರ ಅಪರೂಪದ ಆವೃತ್ತಿಗಳನ್ನು ಕದ್ದು ಅಲ್ಲಿ ನಕಲು ಪ್ರತಿಗಳನ್ನಿಟ್ಟ ಜಾಲವೊಂದನ್ನು 2024ರಲ್ಲಿ ಯುರೋಪಿನ ಒಕ್ಕೂಟದ ಪೊಲೀಸ್ ಸಂಸ್ಥೆ ಯೂರೋಪೋಲ್ ಬಯಲಿಗೆಳೆಯಿತು; ಕಳವಾದವು ಕನಿಷ್ಠ 170 ಪುಸ್ತಕಗಳು. ಕದ್ದ ಪುಸ್ತಕವನ್ನು ತಿಳಿಯದೆ ಕೊಂಡರೂ ಅದು ನಿಮ್ಮದಾಗದು.

ಆರನೆಯ ಹೆಜ್ಜೆ: ಕೊಳ್ಳುವುದು ಮತ್ತು ತರಿಸುವುದು

ಅತಿ ಹೆಚ್ಚು ಪುಸ್ತಕಗಳು ಇರುವುದು ರಷ್ಯಾದಲ್ಲಿಯೇ. ಅಲ್ಲಿನ ಹಳೆ ಪುಸ್ತಕದ ವ್ಯಾಪಾರಿಗಳ ಸಾಮೂಹಿಕ ತಾಣ ಅಲಿಬ್, ಹರಾಜು ಸಂಸ್ಥೆ ಲಿತ್‌ಫೊಂದ್ ಮುಂತಾದವುಗಳ ಪಟ್ಟಿಗಳನ್ನು ಕಲಿಕೆಗಾಗಿಯಾದರೂ ಓದುತ್ತಿರಬೇಕು. ಆದರೆ 2022ರ ಮಾರ್ಚ್‌ನಿಂದ ವೀಸಾ, ಮಾಸ್ಟರ್‌ಕಾರ್ಡ್‌ಗಳು ಅಲ್ಲಿ ಸೇವೆ ನಿಲ್ಲಿಸಿರುವುದರಿಂದ ಹಣ ಕಳುಹಿಸುವುದು ತೊಡಕಿನ ಕೆಲಸ. ನೂರು ವರ್ಷ ದಾಟಿದ ಪುಸ್ತಕಗಳನ್ನು ಹೊರಗೆ ಕಳಿಸಲು ರಷ್ಯಾದ ಕಾನೂನು ಕಟ್ಟುನಿಟ್ಟಾದ ನಿರ್ಬಂಧವನ್ನೂ ಹಾಕುತ್ತದೆ. 1920ರ ದಶಕದ ಪುಸ್ತಕಗಳು ವರ್ಷದಿಂದ ವರ್ಷಕ್ಕೆ ಆ ಗಡಿಯನ್ನು ದಾಟುತ್ತಿವೆ. "ಸುಮ್ಮನೆ ಹಳೆ ಪುಸ್ತಕ ಎಂದು ಬರೆದು ಕಳಿಸುತ್ತೇನೆ" ಎನ್ನುವ ಮಾರಾಟಗಾರನಿಂದ ದೂರವಿರಿ. ದಶಕಗಳ ಹಿಂದೆಯೇ ರಷ್ಯಾದಿಂದ ಹೊರಬಂದು ಬರ್ಲಿನ್, ಪ್ಯಾರಿಸ್, ಲಂಡನ್, ನ್ಯೂಯಾರ್ಕ್‌ಗಳಲ್ಲಿ ಇರುವ ಪ್ರತಿಗಳನ್ನು ಅಂತರರಾಷ್ಟ್ರೀಯ ಪುರಾತನ ಪುಸ್ತಕ ವ್ಯಾಪಾರಿಗಳ ಒಕ್ಕೂಟದ ಸದಸ್ಯರಿಂದ ಕೊಳ್ಳುವುದು ತುಸು ದುಬಾರಿಯಾದರೂ ನೆಮ್ಮದಿಯ ದಾರಿ.

ಭಾರತಕ್ಕೆ ತರಿಸುವಾಗ ಸುಂಕ ತಗಲುವ ಸಂಭವವಿರುವುದರಿಂದ ರಸೀದಿಯಲ್ಲಿ ಶೀರ್ಷಿಕೆ, ಪ್ರಕಟವಾದ ವರ್ಷ, ನಿಜವಾದ ಬೆಲೆ ಸ್ಪಷ್ಟವಾಗಿ ಇರಬೇಕು. ನಮ್ಮ 1972ರ ಪುರಾತನ ವಸ್ತುಗಳ ಕಾಯ್ದೆಯಲ್ಲಿ ನೂರು ವರ್ಷವೇ ಮುಖ್ಯ ಗಡಿ. ಮುಂದೊಮ್ಮೆ ಪುಸ್ತಕವನ್ನು ಹೊರದೇಶಕ್ಕೆ ಕಳುಹಿಸಬೇಕಾದರೆ ಅದು ಹೊರಗಿನಿಂದ ಬಂದದ್ದೆಂಬ ಕಾಗದಪತ್ರ ಕೈಯಲ್ಲಿರುವುದು ಒಳ್ಳೆಯದು.

ಏಳನೆಯ ಹೆಜ್ಜೆ: ಜೋಪಾನ

ಅಂತರ್ಯುದ್ಧ ಕಾಲದ ಮರದ ತಿರುಳಿನ ಕಾಗದದಲ್ಲಿ ಆಮ್ಲಾಂಶ ಹೆಚ್ಚು. ಅದು ಹಳದಿಗಟ್ಟಿ, ಮಡಿಸಿದರೆ ಮುರಿಯುವಷ್ಟು ಒಣಗಿರುತ್ತದೆ. ಅಂಥ ಕಾಗದಕ್ಕೆ ಮಂಗಳೂರು, ಕಾರವಾರದ ಮಳೆಗಾಲದ ತೇವವೂ ಕಲಬುರಗಿಯ ಬೇಸಿಗೆಯೂ ಸಮಾನವಾಗಿ ಕೆಟ್ಟವು. ತಾಪಮಾನ 20 ಡಿಗ್ರಿಯ ಆಸುಪಾಸು, ಗಾಳಿಯ ತೇವ ಶೇಕಡ 45ರಿಂದ 55 ಇರುವುದು ಆದರ್ಶ. ಮನೆಯಲ್ಲಿ ಅದನ್ನು ಪೂರ್ತಿ ಸಾಧಿಸಲಾಗದಿದ್ದರೂ ಏರಿಳಿತವನ್ನು ತಗ್ಗಿಸಬಹುದು. ಆಮ್ಲರಹಿತ ರಟ್ಟಿನ ಪೆಟ್ಟಿಗೆಯಲ್ಲಿ ತೆಳು ಪುಸ್ತಕಗಳನ್ನು ಮಲಗಿಸಿ, ಪ್ರತಿಯೊಂದನ್ನೂ ಪಾಲಿಯೆಸ್ಟರ್ ಹಾಳೆಯ ಲಕೋಟೆಯಲ್ಲಿಟ್ಟು, ಪೆಟ್ಟಿಗೆಯನ್ನು ಹೊರಗೋಡೆಗೆ ತಾಗದ ಬೀರುವಿನಲ್ಲಿ ಇಡಬೇಕು. ಒಂದು ಅಗ್ಗದ ತೇವಮಾಪಕವನ್ನೂ ಸಿಲಿಕಾ ಜೆಲ್ ಚೀಲಗಳನ್ನೂ ಜೊತೆಗಿಟ್ಟು, ಮಳೆಗಾಲದಲ್ಲಿ ವಾರಕ್ಕೊಮ್ಮೆ ನೋಡಿಕೊಳ್ಳಬೇಕು. ಕೈಯಿಂದ ಬಣ್ಣ ತುಂಬಿದ ಪ್ರತಿಗಳನ್ನು ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುವ ಆಸೆಯನ್ನು ಬಿಡಬೇಕು. ಬೆಳಕಿಗೆ ಹೋದ ಬಣ್ಣ ಮರಳಿ ಬರುವುದಿಲ್ಲ.

ನುಸಿಗುಳಿಗೆಯನ್ನಾಗಲಿ ಬೇವಿನ ಎಲೆಯನ್ನಾಗಲಿ ಪುಟಗಳ ನಡುವೆ ಇಡಬಾರದು. ಹುಳ ಬಿದ್ದ ಅನುಮಾನ ಬಂದರೆ ಪುಸ್ತಕವನ್ನು ಗಾಳಿಯಾಡದ ಚೀಲದಲ್ಲಿ ಮುಚ್ಚಿ ಎರಡು ವಾರ ಫ್ರೀಜರ್‌ನಲ್ಲಿಟ್ಟು, ಹೊರತೆಗೆದ ಮೇಲೆ ಕೋಣೆಯ ತಾಪಕ್ಕೆ ಪೂರ್ತಿ ಬರುವತನಕ ಚೀಲ ಬಿಚ್ಚದಿರುವುದು ಸುರಕ್ಷಿತ ಕ್ರಮ. ಹರಿದಲ್ಲಿಗೆ ಸೆಲೋಟೇಪ್ ಹಚ್ಚುವುದು, ಲ್ಯಾಮಿನೇಟ್ ಮಾಡಿಸುವುದು ಎರಡೂ ಪುಸ್ತಕವನ್ನು ಕೊಂದಂತೆಯೇ. ದುರಸ್ತಿ ಬೇಕಾದರೆ ಪರಂಪರೆ ಉಳಿಸುವ ಸಂಸ್ಥೆಯಾದ ಇಂಟ್ಯಾಕ್‌ನ ಬೆಂಗಳೂರಿನ ಸಂರಕ್ಷಣಾ ಕೇಂದ್ರದಂಥ ಕಡೆ ಕಾಗದ ಸಂರಕ್ಷಕರ ಸಲಹೆ ಪಡೆಯಬೇಕು.

ಕಡೆಯದಾಗಿ, ಪ್ರತಿ ಪುಸ್ತಕಕ್ಕೂ ಒಂದು ದಾಖಲೆ ಹಾಳೆ ಬರೆಯಬೇಕು: ಲೇಖಕ, ಕಲಾವಿದ, ಪ್ರಕಾಶಕ, ಊರು, ವರ್ಷ, ಆವೃತ್ತಿ, ಪ್ರತಿಗಳ ಸಂಖ್ಯೆ, ಅಳತೆ, ಪುಟ, ಮುದ್ರಣ ವಿಧಾನ, ಮೊಹರುಗಳು, ಹಿಂದಿನ ಮಾಲೀಕರು, ಕೊಂಡ ದಿನ ಮತ್ತು ಬೆಲೆ. ಜೊತೆಗೆ ಎಲ್ಲ ಪುಟಗಳ ಛಾಯಾಚಿತ್ರವನ್ನೂ ತೆಗೆದಿಟ್ಟುಕೊಂಡರೆ ಪದೇಪದೇ ಪುಸ್ತಕ ತೆರೆಯುವ ಅಗತ್ಯ ಬೀಳುವುದಿಲ್ಲ. ಈ ಹಾಳೆಯನ್ನು ಪುಸ್ತಕದೊಳಗೆ ಸಿಕ್ಕಿಸದೆ, ರಸೀದಿ ಮತ್ತು ಸುಂಕದ ಕಾಗದಗಳೊಂದಿಗೆ ಬೇರೆ ಲಕೋಟೆಯಲ್ಲಿ ಹಾಕಿ, ಲಕೋಟೆ ಎಲ್ಲಿದೆಯೆಂದು ಮನೆಯವರಲ್ಲಿ ಒಬ್ಬರಿಗಾದರೂ ತಿಳಿಸಿರಬೇಕು.